ಹೋಗುವ ನೀರಿನ ಕತೆ

ಊರಿನಿಂದ ನೆಂಟರು ಬಂದರೆ ಕುವೈತಿನಲ್ಲಿ ನಾವು ಮೊದಲು ಕರೆದುಕೊಂಡು ಹೋಗುವುದು ಕುವೈತ್ ಟವರ್ಸ್‌ಗೆ. ಕಡಲಂಚಿನಲ್ಲಿ ನೀಲಿ ಬಿಲ್ಲೆಗಳನ್ನು ಮೈಗೆ ಮೆತ್ತಿಕೊಂಡು ನಿಂತ ಗೋಳಗಳು. ದೊಡ್ಡ ಗೋಪುರದ ಎತ್ತರ 187 ಮೀಟರ್. 1979ರಲ್ಲಿ ಜನರಿಗೆ ತೆರೆದದ್ದು. ಫೋಟೋ ಎಲ್ಲಾ ತೆಗೆದಾದ ಮೇಲೆ "ಇದು ನೀರಿನ ಟ್ಯಾಂಕು ಕಣ್ರೀ" ಎಂದರೆ ನೆಂಟರು ನಂಬುವುದಿಲ್ಲ. ನಿಜಕ್ಕೂ ಮೂರರಲ್ಲಿ ಎರಡು ಗೋಪುರಗಳ ಹೊಟ್ಟೆಯಲ್ಲಿ ನೀರಿದೆ. ಊರೊಳಗೆ ಅಲ್ಲಲ್ಲಿ ಗುಂಪಾಗಿ ನಿಂತಿರುವ, ಅಣಬೆಯಂಥ, ಪಟ್ಟೆಪಟ್ಟೆಯ 31 ಗೋಪುರಗಳೂ ಇದೇ ಯೋಜನೆಯವು. ಇವಕ್ಕೆಲ್ಲ ಸೇರಿ 1980ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿಯೂ ಬಂತು.

ಬರುವ ನೀರಿಗೆ ಇಷ್ಟೆಲ್ಲ ಮರ್ಯಾದೆ. ಹೋಗುವ ನೀರಿಗೆ? ಅದು ನೆನಪಾಗುವುದು ಬಾಡಿಗೆ ಮನೆಯ ಬಾತ್‌ಟಬ್ಬಿನಲ್ಲಿ ಕಣಕಾಲಿನ ತನಕ ಸೋಪಿನ ನೀರು ನಿಂತು, ಇಳಿಯುವುದಿಲ್ಲ ಎಂದು ಹಟ ಹಿಡಿದಾಗ ಮಾತ್ರ. ಈ ಸಲ ಬಳಗದ ಓಲೆಗೆ ಏನಾದರೂ ಇತಿಹಾಸ ಬರೆಯಿರಿ ಎಂದಾಗ ನಾವು ಈ ಕಟ್ಟಿದ ತೂತನ್ನೇ ಆರಿಸಿಕೊಂಡೆವು. ಮೂಗು ಮುಚ್ಚಿಕೊಳ್ಳುವವರು ಮುಚ್ಚಿಕೊಳ್ಳಲಿ, ಇದರಲ್ಲಿ ಕುವೈತೂ ಇದೆ, ಕರ್ನಾಟಕವೂ ಇದೆ.

ಬರುವ ನೀರಿನ ಕತೆಯನ್ನು ಬೇಗ ಮುಗಿಸಿಬಿಡೋಣ, ಅದು ಎಲ್ಲರಿಗೂ ಸ್ವಲ್ಪ ಸ್ವಲ್ಪ ಗೊತ್ತಿರುವಂಥದ್ದು. ಇಲ್ಲಿ ನದಿಯಿಲ್ಲ, ಮಳೆ ವರ್ಷಕ್ಕೆ ನಾಲ್ಕೈದು ಅಂಗುಲವಾದರೆ ಹೆಚ್ಚು. ಹಳೆಯ ಊರು ಉಪ್ಪುಪ್ಪಾದ ಬಾವಿಗಳ ಮೇಲೆ ಬದುಕುತ್ತಿತ್ತು. ಜನ ಹೆಚ್ಚಿದಂತೆ ಬಾವಿ ಸಾಲದಾಯಿತು. ಕಳೆದ ಶತಮಾನದ ಮೊದಲ ದಶಕಗಳಿಂದ ಹಾಯಿ ಹಡಗುಗಳು ಷತ್ ಅಲ್-ಅರಬ್ ನದಿಗೆ ಹೋಗಿ ಸಿಹಿನೀರು ತುಂಬಿಕೊಂಡು ಬರತೊಡಗಿದವು. 1939ರಲ್ಲಿ ನೀರು ಸಾಗಿಸುವುದಕ್ಕೆಂದೇ ಒಂದು ಕಂಪನಿ ಹುಟ್ಟಿತು. ದಡದಿಂದ ಮನೆಮನೆಗೆ ಹೊತ್ತವನು 'ಕಂದರಿ': ಹೆಗಲ ಮೇಲೊಂದು ಕೋಲು, ಅದರ ಎರಡು ತುದಿಗೆ ಎರಡು ತಗಡಿನ ಡಬ್ಬ. ನಮ್ಮ ಕಡೆಯ ಕಾವಡಿಯೇ! ಕೂಲಿ ಕೊಡುತ್ತಿದ್ದುದು ನಮ್ಮ ರೂಪಾಯಿ ಆಣೆಗಳಲ್ಲಿ, ಏಕೆಂದರೆ 1961ರಲ್ಲಿ ದಿನಾರ್ ಬರುವವರೆಗೆ ಇಲ್ಲಿ ಓಡಾಡುತ್ತಿದ್ದುದು ರೂಪಾಯಿ. ಅಲ್-ಕಂದರಿ ಎಂಬ ಮನೆತನದ ಹೆಸರು ಇಂದಿಗೂ ಕುವೈತಿನಲ್ಲಿ ಸಾಮಾನ್ಯ. 1953ರಲ್ಲಿ ಶುವೈಖ್‌ನಲ್ಲಿ ದಿನಕ್ಕೆ ಹತ್ತು ಲಕ್ಷ ಗ್ಯಾಲನ್ ಸಮುದ್ರದ ನೀರನ್ನು ಭಟ್ಟಿ ಇಳಿಸುವ ಸ್ಥಾವರ ಶುರುವಾಯಿತು. ಆಮೇಲೆ ಹಡಗೂ ಬೇಡ, ಕಾವಡಿಯೂ ಬೇಡ. ನಲ್ಲಿ ತಿರುಗಿಸಿದರೆ ಕಡಲು.

ಕುವೈತಿಗಳು ಬರುವ ನೀರನ್ನು ಮಾತ್ರ ಕೊಂಡಾಡುತ್ತಾರೆ ಎಂದು ದೂರುವುದಕ್ಕೆ ನಮಗೇನೂ ಹಕ್ಕಿಲ್ಲ ಅನ್ನಿ. ನಮ್ಮಲ್ಲಿ ದೀಪಾವಳಿಯ ಮೊದಲ ಸಂಜೆಗೆ ನೀರು ತುಂಬುವ ಹಬ್ಬ ಎಂದೇ ಹೆಸರು. ಬಚ್ಚಲುಮನೆ ತೊಳೆದು, ಹಂಡೆಯನ್ನು ಹುಣಿಸೆಹಣ್ಣು ಹಾಕಿ ಉಜ್ಜಿ, ಅದಕ್ಕೆ ಸುಣ್ಣದ ಗೆರೆ ಎಳೆದು, ಹೂವು ಸುತ್ತಿ ನೀರು ತುಂಬುತ್ತೇವೆ. ಮಾರನೆಯ ಬೆಳಗ್ಗೆ ಹಂಡೆಯ ನೀರೆಲ್ಲ ಎಣ್ಣೆ, ಸೀಗೆಪುಡಿಯೊಂದಿಗೆ ಬಚ್ಚಲ ಮೂಲೆಯ ತೂತಿನಲ್ಲಿ ಇಳಿದುಹೋಗುತ್ತದೆ. ಆ ತೂತಿಗೆ ಯಾರಾದರೂ ಹೂವಿಟ್ಟಿದ್ದುಂಟೇ? ಹಾಗೆಂದು ಅದಕ್ಕೆ ಕೆಲಸವಿರಲಿಲ್ಲವೆಂದಲ್ಲ. ಹಿತ್ತಲಿಗೆ ಹೋದ ಬಚ್ಚಲು ನೀರು ಬಾಳೆಗೆ, ಕೆಸುವಿಗೆ, ತೆಂಗಿನ ಬುಡಕ್ಕೆ ಸಲ್ಲುತ್ತಿತ್ತು. ಕಟ್ಟಿಕೊಂಡರೆ ಕಡ್ಡಿ ಹಾಕಿ ಕೆದಕಿದರಾಯಿತು. ಕೊಳವೆಯ ಉದ್ದ ಒಂದು ಗೋಡೆಯ ದಪ್ಪ.

ಅಪಾರ್ಟ್‌ಮೆಂಟಿನಲ್ಲಿ ಹಿತ್ತಲಿಲ್ಲ, ಗೋಡೆಯಾಚೆ ಬೇರೆಯವರ ಮನೆ. ಸಾಲ್ಮಿಯಾ, ಅಬ್ಬಾಸಿಯಾ, ಮಂಗಾಫ್ ಕಡೆಯ ಬಾಡಿಗೆ ಮನೆಗಳಲ್ಲಿ ಬಾತ್‌ಟಬ್ ಇರುವುದು ಸಾಮಾನ್ಯ, ಅದರಲ್ಲಿ ಮಲಗಿ ಸ್ನಾನ ಮಾಡುವ ಕನ್ನಡಿಗರನ್ನು ನಾವಂತೂ ಕಂಡಿಲ್ಲ. ಅದು ಬಕೆಟ್ಟು, ಚೊಂಬು ಇಟ್ಟುಕೊಂಡು ನಿಲ್ಲುವ ಜಾಗ. ಆದರೂ ಈ ಪರದೇಶಿ ತೊಟ್ಟಿಯನ್ನು ಸ್ವಲ್ಪ ಗಮನವಿಟ್ಟು ನೋಡಿದರೆ ಅದು ನಮಗೆ ಬಹಳ ಪರಿಚಿತವಾದದ್ದೇ. ತಳದಲ್ಲಿ ಒಂದು ತೂತು. ಮೇಲೆ, ಅಂಚಿಗಿಂತ ಒಂದು ಗೇಣು ಕೆಳಗೆ, ಹೆಚ್ಚಾದ ನೀರು ಹೊರಹೋಗಲು ಇನ್ನೊಂದು ತೂತು. ಅಂದರೆ ಒಂದು ತೂಬು, ಒಂದು ಕೋಡಿ. ಬಾತ್‌ಟಬ್ ಎಂದರೆ ಮೂರೂವರೆ ಮೊಳದ ಕೆರೆ.

ಕೆರೆಯ ಕತೆಯಲ್ಲಿ ನಮ್ಮವರಿಗೆ ಸಾವಿರ ವರ್ಷಕ್ಕೂ ಮಿಕ್ಕ ಅನುಭವ. ಶಾಸನಗಳಲ್ಲಿ ಕೆರೆ ಕಟ್ಟಿಸಿದವರಿಗೆ, ಅದನ್ನು ಕಾಪಾಡುವವರಿಗೆ ಬಿತ್ತುವಟ್ಟ ಬಿಟ್ಟದ್ದು, ಹೂಳೆತ್ತುವ ಬಂಡಿಗೆ, ಕೋಣಗಳಿಗೆ ದತ್ತಿ ಕೊಟ್ಟದ್ದು ಎಲ್ಲ ಬರುತ್ತದೆ. ಕಟ್ಟಿಸಿದರೆ ಸಾಲದು, ಹೂಳು ತೆಗೆಯುವವನಿಗೆ ಹೊಟ್ಟೆಗೆ ಬೇಕು ಎಂಬುದು ಅವರಿಗೆ ತಿಳಿದಿತ್ತು. ಸಾಫ್ಟ್‌ವೇರಿನಲ್ಲಿ ಇದನ್ನೇ ಮೆಂಟೆನೆನ್ಸ್ ಕಾಂಟ್ರಾಕ್ಟ್ ಎಂದು ಕರೆದು ನಾವು ದುಡ್ಡು ಮಾಡುತ್ತೇವೆ. ಕೋಲಾರದ ಕಡೆ ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಎಷ್ಟು ನೀರು ಎಂದು ಹಂಚುವವನು ನೀರುಗಂಟಿ. ಈ ಕೆಲಸ ವಂಶಪಾರಂಪರ್ಯ. ಮಾಡುವವರು ಹೆಚ್ಚಾಗಿ ದಲಿತ ಮನೆತನದವರು. ತೂಬು ಕಟ್ಟಿಕೊಂಡರೆ ಕೆಸರಿಗಿಳಿಯುವವನೂ ಅವನೇ. ಕೆರೆಗೆ ರಾಜನ ಹೆಸರೋ ರಾಣಿಯ ಹೆಸರೋ ಇರುತ್ತದೆ. ನೀರುಗಂಟಿಯ ಹೆಸರಿನ ಕೆರೆಯನ್ನು ನಾವು ಕೇಳಿಲ್ಲ.

ಟಬ್ಬಿನ ತೂಬಿಗೂ ಕೆರೆಯ ತೂಬಿಗೂ ಒಂದು ವ್ಯತ್ಯಾಸವಿದೆ. ಟಬ್ಬಿನದು ಕೆಳಗೆ ಹೋಗಿ ಒಮ್ಮೆ ಬಾಗಿ ಮೇಲೆದ್ದು ಮತ್ತೆ ಇಳಿಯುತ್ತದೆ. ಆ ಬಾಗಿನಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರುತ್ತದೆ; ಚರಂಡಿಯ ಗಾಳಿ ಆ ನೀರನ್ನು ದಾಟಿ ಮನೆಯೊಳಗೆ ಬರಲಾರದು. ಇಷ್ಟು ಸರಳವಾದ ಯುಕ್ತಿಗೆ 1775ರಲ್ಲಿ ಲಂಡನ್ನಿನಲ್ಲಿ ಪೇಟೆಂಟ್ ಪಡೆದ ಅಲೆಗ್ಸಾಂಡರ್ ಕಮ್ಮಿಂಗ್ ಕಸುಬಿನಿಂದ ಗಡಿಯಾರದವನು. ಅವನು ಮಾಡಿದ್ದು ಪಾಯಿಖಾನೆಗೆ. ಆಮೇಲೆ ಅದೇ ಬಾಗು ಸ್ನಾನದ ಕೊಳವೆಗೂ ಅಡಿಗೆಮನೆಯ ಸಿಂಕಿಗೂ ಬಂತು. ಅದಿಲ್ಲದೆ ಮನೆಯೊಳಗೆ ಪಾಯಿಖಾನೆ, ಬಚ್ಚಲು ಇಟ್ಟುಕೊಂಡು ಹತ್ತು ಮಹಡಿ ಕಟ್ಟುವುದನ್ನು ಯೋಚಿಸುವುದೂ ಕಷ್ಟ. ಕುವೈತಿನ ಬಹಳಷ್ಟು ಮನೆಗಳಲ್ಲಿ ಟಬ್ಬಿನ ನೀರು, ಕೈತೊಳೆಯುವ ಬೇಸಿನ್ನಿನ ನೀರು ಎರಡೂ ಮೊದಲು ಬಾತ್‌ರೂಮಿನ ನೆಲದಲ್ಲಿರುವ ಒಂದು ಡಬ್ಬಿಗೆ ಬಂದು ಬೀಳುತ್ತವೆ. ಅದಕ್ಕೆ ಫ್ಲೋರ್ ಟ್ರ್ಯಾಪ್ ಎನ್ನುತ್ತಾರೆ. ಅರಬ್ಬಿಯಲ್ಲಿ ಇಂಥ ತೂತಿಗೆ 'ಬಲ್ಲಾಅ' ಎಂದು ಹೆಸರು, ನುಂಗುವಂಥದ್ದು ಎಂದು ಅರ್ಥ. ಎಷ್ಟು ಒಳ್ಳೆಯ ಹೆಸರು! ಗಂಟಲು ಕಟ್ಟಿದಾಗಲೇ ಅದರ ಅರ್ಥ ಸರಿಯಾಗಿ ತಿಳಿಯುವುದು.

ಗಂಟಲು ಕಟ್ಟುವುದಕ್ಕೆ ಕನ್ನಡದ ಮನೆಗಳಲ್ಲಿ ಕಾರಣಗಳು ಬೇರೆಯೇ ಇವೆ. ಶುಕ್ರವಾರ ರಜೆ, ಆವತ್ತು ಎಣ್ಣೆಸ್ನಾನ. ಉದ್ದ ಕೂದಲು, ಕಡಲೆಹಿಟ್ಟು, ಸೀಗೆಪುಡಿಯ ಗಸಿ, ಜೊತೆಗೆ ಕಿಟಕಿ ಸಂದಿಯಿಂದ ಬಂದ ಮರಳುಗಾಡಿನ ಧೂಳು. ತೆಂಗಿನೆಣ್ಣೆ 24 ಡಿಗ್ರಿಯ ಆಸುಪಾಸಿಗೇ ಹೆಪ್ಪುಗಟ್ಟುತ್ತದೆ, ಜನವರಿಯ ಕುವೈತಿನಲ್ಲಿ ಕೊಳವೆ ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಕೂದಲು ನಾರಾಯಿತು, ಎಣ್ಣೆ ಸೋಪು ಅಂಟಾಯಿತು, ಧೂಳು ಮಣ್ಣಾಯಿತು. ಗೋಡೆ ಕಟ್ಟುವುದಕ್ಕೆ ಇನ್ನೇನು ಬೇಕು?

ಬಿಡಿಸುವ ಕ್ರಮವೂ ಕೆರೆಯದೇ. ಮೊದಲು ನಿಂತ ನೀರನ್ನು ಚೊಂಬಿನಿಂದ ತೋಡಿ ಹೊರಹಾಕಬೇಕು. ತೂತಿನ ಜಾಲರಿ ಬಿಚ್ಚಿ, ತುದಿ ಕೊಕ್ಕೆಯಾಗಿ ಬಗ್ಗಿಸಿದ ತಂತಿ ಇಳಿಸಿದರೆ ಮುಕ್ಕಾಲು ಪಾಲು ಕೂದಲು ಅಲ್ಲೇ ಸಿಗುತ್ತದೆ. ಸಿಗದಿದ್ದರೆ ರಬ್ಬರ್ ಬಟ್ಟಲಿನ ಪ್ಲಂಜರ್. ಇದನ್ನು ಒತ್ತುವ ಮುನ್ನ ಮೇಲಿನ ಕೋಡಿಯ ತೂತಿಗೆ ಒದ್ದೆ ಬಟ್ಟೆ ತುರುಕಬೇಕು. ಇಲ್ಲವಾದರೆ ಒತ್ತಡವೆಲ್ಲ ಅಲ್ಲಿಂದ ಪಾರಾಗಿಬಿಡುತ್ತದೆ. ಅದಕ್ಕೂ ಬಗ್ಗದಿದ್ದರೆ ನೆಲದ ಡಬ್ಬಿಯ ಮುಚ್ಚಳ ತೆಗೆದು ಕೈ ಹಾಕಬೇಕು.

ಯಾರ ಕೈ? ಇಲ್ಲಿಂದ ಮುಂದಿನದೇ ನಾವು ಹೇಳಬೇಕೆಂದಿದ್ದ ವಿಷಯ.

ನಮ್ಮ ಮನೆಯ ಡಬ್ಬಿ ಕಟ್ಟಿಕೊಂಡಿದ್ದಾಗ ಕಟ್ಟಡದ ಹಾರಿಸ್‌ಗೆ, ಅಂದರೆ ಕಾವಲುಗಾರನಿಗೆ ಹೇಳಿದೆವು. "ಹಾಜಿರ್, ಯಾ ಮುಹಂದಿಸ್" ಎಂದು ಹೋದ. ಮುಹಂದಿಸ್ ಎಂದರೆ ಎಂಜಿನಿಯರ್. ಕೀಬೋರ್ಡು ಕುಟ್ಟುವವರಿಗೂ ಇಲ್ಲಿ ಅದೇ ಗೌರವ. ಸಂಜೆ ಬಂದವನು ಕಡಪದ ಕಡೆಯ ಹುಡುಗ. ಆ ಜಿಲ್ಲೆಯಿಂದ ಕುವೈತಿಗೆ ಬಂದು ದುಡಿಯುವವರು ಬಹಳ ಮಂದಿ. ಬಾತ್‌ರೂಮಿಗೆ ಕಾಲಿಡುವ ಮುಂಚೆ ಅವನು ಕೇಳಿದ್ದು ಒಂದೇ ಪ್ರಶ್ನೆ, "ಆಸಿಡ್ ಪೋಸಿನಾರಾ ಸಾರ್?" ಆಸಿಡ್ ಸುರಿದಿದ್ದೀರಾ ಎಂದು. ಇಲ್ಲ ಎಂದೆವು. ಆದರೂ ಒಂದು ಬಕೆಟ್ ನೀರು ಹಾಕಿಸಿ, ಬಗ್ಗಿ ಮೂಸಿ ನೋಡಿ, ಆಮೇಲೆ ಕೈ ಇಳಿಸಿದ. ಅವನ ಬಲಗೈಯ ಎರಡು ಬೆರಳುಗಳ ಚರ್ಮ ಸುಕ್ಕುಗಟ್ಟಿ ಹೊಳೆಯುತ್ತಿತ್ತು. ಯಾವುದೋ ಮನೆಯಲ್ಲಿ ಯಾರೋ "ಏನೂ ಹಾಕಿಲ್ಲ" ಎಂದಿದ್ದರಂತೆ.

ಅಂಗಡಿಯಲ್ಲಿ ಸಿಗುವ ಡ್ರೈನ್ ಪುಡಿಗಳಲ್ಲಿ ಹೆಚ್ಚಿನವು ಕಾಸ್ಟಿಕ್ ಸೋಡಾ. ನೀರಿಗೆ ಬಿದ್ದ ಕೂಡಲೇ ಕಾದು ಕುದಿಯುತ್ತದೆ, ಕೊಬ್ಬನ್ನೂ ಕೂದಲನ್ನೂ ಕರಗಿಸುತ್ತದೆ. ನಮ್ಮ ಚರ್ಮವೂ ಕೂದಲಿನ ಹತ್ತಿರದ ಸಂಬಂಧಿಯೇ. ಅಡ್ಡಿ ಪೂರ್ತಿ ಕರಗದಿದ್ದರೆ ಆ ನೀರು ಡಬ್ಬಿಯಲ್ಲಿ ಹಾಗೆಯೇ ನಿಂತಿರುತ್ತದೆ, ಮುಂದೆ ಕೈ ಹಾಕುವವನಿಗಾಗಿ. ಸೋಡಾ ಹಾಕಿದ ಮೇಲೆ ಸಾಲದೆಂದು ಆಸಿಡ್ಡನ್ನೂ ಸುರಿಯುವ ಮಹಾನುಭಾವರಿದ್ದಾರೆ. ಅದು ಮುಖಕ್ಕೇ ಸಿಡಿಯಬಹುದು.

ಹೋಗುವ ನೀರಿನ ಕೆಲಸಕ್ಕೆ ಅರಬ್ಬರ ನಾಡಿಗೆ ಬಂದ ಕನ್ನಡದ ಮುಹಂದಿಸ್ ಒಬ್ಬರಿದ್ದರು, ಸರ್ ಎಂ. ವಿಶ್ವೇಶ್ವರಯ್ಯ. ಆಗ ಏಡನ್ ಬಂದರು ಬೊಂಬಾಯಿ ಪ್ರಾಂತ್ಯದ ಆಡಳಿತಕ್ಕೆ ಸೇರಿತ್ತು. ಬೊಂಬಾಯಿ ಸರ್ಕಾರದಲ್ಲಿ ಎಂಜಿನಿಯರಾಗಿದ್ದ ಅವರನ್ನು 1906ರಲ್ಲಿ ಅಲ್ಲಿಗೆ ಕಳಿಸಿದರು. ಕುಡಿಯುವ ನೀರಿಗೆ ದಾರಿ ಹುಡುಕುವುದು, ಚರಂಡಿ ವ್ಯವಸ್ಥೆಗೆ ಯೋಜನೆ ಹಾಕುವುದು, ಎರಡೂ ಅವರ ಕೆಲಸ. ಬಂಡೆಯಲ್ಲಿ ಕೊರೆದ ಹಳೆಯ ತವೀಲಾ ಕೆರೆಗಳು ಏಡನ್ನಿನಲ್ಲಿದ್ದವು, ಮಳೆಯೇ ಬರದಿದ್ದರೆ ಕೆರೆ ಏನು ಮಾಡೀತು? ಲಹೇಜ್ ಕಡೆಯ ಒಣ ನದಿಯ ಪಾತ್ರದಡಿ ಹರಿಯುವ ನೀರನ್ನು ಬಾವಿ ತೋಡಿ ತರಬಹುದೆಂದು ಅವರು ವರದಿ ಕೊಟ್ಟರು. ಮುಂದೆ 1908ರಲ್ಲಿ ಮೂಸಿ ನದಿಯ ಪ್ರವಾಹ ಹೈದರಾಬಾದನ್ನು ಕೊಚ್ಚಿದಾಗ ಅಲ್ಲಿಗೂ ಹೋಗಿ ಪ್ರವಾಹ ತಡೆಗೂ ಒಳಚರಂಡಿಗೂ ಯೋಜನೆ ಹಾಕಿದರು. ನಮ್ಮ ಊರುಗಳ ವೃತ್ತಗಳಲ್ಲಿ ನಿಂತಿರುವ ಅವರ ಪ್ರತಿಮೆಗಳ ಕೆಳಗೆ ಕನ್ನಂಬಾಡಿಯ ಹೆಸರು ಕಾಣುತ್ತದೆ, ಚರಂಡಿಯ ಹೆಸರು ಕಾಣುವುದಿಲ್ಲ. ಬರುವ ನೀರು, ಹೋಗುವ ನೀರು ಎಂಬ ಭೇದ ಅವರ ನಕ್ಷೆಗಳಲ್ಲಿರಲಿಲ್ಲ; ನಮ್ಮ ನೆನಪಿನಲ್ಲಿದೆ.

ಕುವೈತಿನಲ್ಲೂ ಎರಡನೆಯದು ತಡವಾಗಿಯೇ ಬಂತು. 1953ರಿಂದ ಸಿಹಿನೀರು ಧಾರಾಳವಾಗಿ ಮನೆಯೊಳಗೆ ಬಂದರೂ ಅದು ಹೊರಗೆ ಹೋಗುತ್ತಿದ್ದುದು ಅಂಗಳದ ಗುಂಡಿಗೆ. ನಗರವ್ಯಾಪಿ ಒಳಚರಂಡಿಯ ಕೊಳವೆ ಹಾಕತೊಡಗಿದ್ದು 1960ರ ದಶಕದಲ್ಲಿ. ಅಷ್ಟರಲ್ಲಿ ಜನರ ಕೈಯಿ ದೊಡ್ಡದಾಗಿತ್ತು. ತಲೆಗೆ ಎಷ್ಟು ನೀರು ಬಳಸುತ್ತಾರೆ ಎಂಬ ಲೆಕ್ಕದಲ್ಲಿ ಕುವೈತ್ ಪ್ರಪಂಚದ ಮುಂಚೂಣಿಯಲ್ಲಿದೆ. ಸಮುದ್ರದ ನೀರಿನ ಉಪ್ಪು ತೆಗೆಯಲು ಸುಡುವುದು ಎಣ್ಣೆ, ಅನಿಲ. ಹಾಗೆ ಮಾಡಿದ ನೀರು ಅರ್ಧ ಗಂಟೆಯಲ್ಲಿ ಷವರಿನಿಂದ ಚರಂಡಿಗೆ.

ಆ ಚರಂಡಿ ಇಡೀ ಊರಿಗೇ ಒಮ್ಮೆ ಕಟ್ಟಿಕೊಂಡದ್ದು ಹಳಬರಿಗೆ ನೆನಪಿರಬೇಕು. 2009ರ ಆಗಸ್ಟಿನಲ್ಲಿ ಮಿಷ್ರೆಫ್ ಪಂಪಿಂಗ್ ಸ್ಟೇಷನ್ ಕೆಟ್ಟು ನಿಂತಿತು. ಬಡಾವಣೆಗಳ ಕೊಳಚೆಯನ್ನು ಶುದ್ಧೀಕರಣ ಸ್ಥಾವರಕ್ಕೆ ತಳ್ಳಬೇಕಾದ ಪಂಪುಗಳೇ ಮುಳುಗಿದ ಮೇಲೆ ಮಾಡುವುದೇನು? ಕೊಳಚೆಯನ್ನು ಹಾಗೆಯೇ ಕಡಲಿಗೆ ಬಿಟ್ಟರು, ಒಂದೆರಡು ದಿನವಲ್ಲ, ತಿಂಗಳುಗಟ್ಟಲೆ. ಯಾವ ಕೊಲ್ಲಿಯಿಂದ ಕುಡಿಯುವ ನೀರನ್ನು ಮಾಡುತ್ತಾರೋ ಅದೇ ಕೊಲ್ಲಿಗೆ. ಮೀನು ತಿನ್ನಬಹುದೇ, ಕಡಲಿಗಿಳಿಯಬಹುದೇ ಎಂಬ ಮಾತು ಎಲ್ಲ ಮನೆಗಳಲ್ಲೂ ಇತ್ತು. ಇನ್ನೊಂದು ಪಕ್ಕದಲ್ಲಿ ಸುಲೈಬಿಯಾ ಇದೆ. 2004-05ರ ಹೊತ್ತಿಗೆ ಶುರುವಾದ ಆ ಸ್ಥಾವರದ ಆರಂಭದ ಸಾಮರ್ಥ್ಯ ದಿನಕ್ಕೆ 3,75,000 ಘನ ಮೀಟರ್. ಕೊಳಚೆ ನೀರನ್ನು ಮೊದಲು ಸೋಸಿ, ಆಮೇಲೆ ಬಹಳ ಸಣ್ಣ ರಂಧ್ರದ ಪೊರೆಗಳ ಮೂಲಕ ಒತ್ತಡದಿಂದ ಹಾಯಿಸುತ್ತಾರೆ. ಆ ಬಗೆಯ ಸ್ಥಾವರಗಳಲ್ಲಿ ಆಗ ಜಗತ್ತಿಗೇ ದೊಡ್ಡದು. ಅಲ್ಲಿಂದ ನೀರು ವಫ್ರಾ, ಅಬ್ದಲಿ ಕಡೆಯ ತೋಟಗಳಿಗೆ ಹೋಗುತ್ತದೆ. ಅಂತೂ ಬಚ್ಚಲು ನೀರು ಮತ್ತೆ ಗಿಡದ ಬುಡಕ್ಕೇ ಬಂತು, ದಾರಿ ಸ್ವಲ್ಪ ಉದ್ದವಾಯಿತಷ್ಟೆ. ನೆಂಟರನ್ನು ಸುಲೈಬಿಯಾಕ್ಕೆ ಕರೆದುಕೊಂಡು ಹೋದವರು ಬಳಗದಲ್ಲಿದ್ದರೆ ದಯವಿಟ್ಟು ಬರೆದು ತಿಳಿಸಿ.

ಕೈಯ ವಿಷಯಕ್ಕೆ ಮತ್ತೆ ಬರುತ್ತೇವೆ. ನಾವು ಸಾಹಿತ್ಯದ ಜನ. ಬಿ. ಬಸವಲಿಂಗಪ್ಪ ಎಂಬ ಹೆಸರು ಹೇಳಿದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು 1973ರ ಬೂಸಾ ಪ್ರಕರಣ. ಕನ್ನಡ ಸಾಹಿತ್ಯದಲ್ಲಿರುವುದು ಬೂಸಾ ಎಂದರು, ಗಲಾಟೆಯಾಯಿತು, ಮಂತ್ರಿ ಪದವಿ ಹೋಯಿತು, ಅಲ್ಲಿಂದ ದಲಿತ ಚಳವಳಿಗೆ ಕಿಚ್ಚು ಹತ್ತಿತು. ನಾವು ಅದನ್ನು ಸೆಮಿನಾರುಗಳಲ್ಲಿ ಎಷ್ಟು ಸಲ ಚರ್ಚಿಸಿಲ್ಲ! ದೇವರಾಜ ಅರಸರ ಸಂಪುಟದಲ್ಲಿದ್ದಾಗ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದವರೂ ಇದೇ ಬಸವಲಿಂಗಪ್ಪನವರು ಎಂಬುದು ಆ ಚರ್ಚೆಗಳಲ್ಲಿ ಎಷ್ಟು ಸಲ ಬಂದಿದೆ? ಒಂದು ಮಾತಿಗೆ ಸಿಕ್ಕ ಜಾಗ ಒಂದು ಆಜ್ಞೆಗೆ ಸಿಗಲಿಲ್ಲ. 1976ರಲ್ಲಿ ಐ.ಪಿ.ಡಿ. ಸಾಲಪ್ಪನವರ ಸಮಿತಿ ಪೌರಕಾರ್ಮಿಕರ ಸ್ಥಿತಿಗತಿಯ ಬಗ್ಗೆ ವರದಿ ಕೊಟ್ಟಿತು. ಆ ವರದಿಯನ್ನು ಜಾರಿಗೆ ತನ್ನಿ ಎಂಬ ಕೂಗು ದಶಕಗಳ ಕಾಲ ಕೇಳಿಬರುತ್ತಲೇ ಇತ್ತು. ದೇಶಕ್ಕೆ ಕಾನೂನು ಬಂದದ್ದು 1993ರಲ್ಲಿ, ಒಳಚರಂಡಿಗೂ ಸೆಪ್ಟಿಕ್ ಗುಂಡಿಗೂ ರಕ್ಷಣೆಯಿಲ್ಲದೆ ಇಳಿಸುವುದನ್ನು ಸೇರಿಸಿ ಅದನ್ನು ಬಿಗಿಮಾಡಿದ್ದು 2013ರಲ್ಲಿ. ಗುಂಡಿಯಲ್ಲಿ ಸತ್ತವರ ಮನೆಯವರಿಗೆ ಹತ್ತು ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. 2023ರಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಮೊತ್ತ ಏರಿಸಬೇಕಾಗಿ ಬಂತು ಎಂದರೆ ಜನ ಸಾಯುತ್ತಲೇ ಇದ್ದಾರೆ ಎಂದಾಯಿತು.

ಇದರ ನಡುವೆ 2010ರ ಜುಲೈಯಲ್ಲಿ ಹಾವೇರಿ ಜಿಲ್ಲೆಯ ಸವಣೂರಿನ ಘಟನೆ ಇದೆ. ಊರಿನ ಮಲವನ್ನು ತಲೆಮಾರುಗಳಿಂದ ಹೊತ್ತ ಭಂಗಿ ಸಮುದಾಯದವರನ್ನು ಅವರು ವಾಸವಿದ್ದ ಜಾಗದಿಂದ ಎಬ್ಬಿಸಲು ಪುರಸಭೆ ಹೊರಟಿತ್ತು. ಯಾರೂ ಕಿವಿಗೊಡದಿದ್ದಾಗ ಅವರು ಪುರಸಭೆಯ ಕಚೇರಿಯ ಮುಂದೆ ಬಂದು ಮಲವನ್ನು ತಮ್ಮ ಮೈಮೇಲೆ ಸುರಿದುಕೊಂಡರು. ಆ ಫೋಟೋ ಕುವೈತಿನ ಆಫೀಸಿನ ಕಂಪ್ಯೂಟರಿನಲ್ಲಿ ತೆರೆದುಕೊಂಡಾಗ ನಾವು ಪಕ್ಕದಲ್ಲಿ ಕೂತ ಈಜಿಪ್ಟಿನ ಗೆಳೆಯನಿಗೆ ಕಾಣದಂತೆ ಪರದೆ ಮುಚ್ಚಿದೆವು. ಏಕೆ ಮುಚ್ಚಿದೆವು ಎಂದು ಆಮೇಲೆ ಬಹಳ ದಿನ ಯೋಚಿಸಿದ್ದುಂಟು.

ಆವತ್ತು ನಮ್ಮ ಮನೆಯ ಡಬ್ಬಿಯಿಂದ ಆ ಕಡಪದ ಹುಡುಗ ತೆಗೆದದ್ದು ಒಂದು ಹಿಡಿ ಕೂದಲು, ಒಂದು ಬಾಟಲಿ ಮುಚ್ಚಳ, ನಮ್ಮ ಮಗಳ ಒಂದು ಹೇರ್‌ಕ್ಲಿಪ್. ನೀರು ಗುಳುಗುಳು ಎಂದು ಇಳಿಯಿತು. ಎರಡು ದಿನಾರ್ ಕೊಟ್ಟೆವು, ಚಹಾ ಕುಡಿದ. ಕೈಗೆ ಗ್ಲೌಸ್ ಯಾಕೆ ಹಾಕುವುದಿಲ್ಲ ಎಂದರೆ, ಕೊಟ್ಟರೆ ಹಾಕುತ್ತೇನೆ ಎಂದ. ಸಹಕಾರಿ ಅಂಗಡಿ, ಅಂದರೆ ಜಮೀಯಾದಲ್ಲಿ ಮೊಣಕೈಯವರೆಗೆ ಬರುವ ರಬ್ಬರ್ ಗ್ಲೌಸ್ ಸಿಗುತ್ತದೆ, ಬೆಲೆ ಹೆಚ್ಚೇನಿಲ್ಲ. ಒಂದು ಜೊತೆ ತಂದು ಬಾತ್‌ರೂಮಿನ ಬಾಗಿಲ ಹಿಂದೆ ನೇತುಹಾಕಿದ್ದೇವೆ, ಬರುವವರು ಯಾರೇ ಆಗಲಿ ಹಾಕಿಕೊಳ್ಳಲಿ ಎಂದು. ಡ್ರೈನ್ ಪುಡಿ ಹಾಕಿದ್ದರೆ ಬಂದವರಿಗೆ ಬಾಗಿಲಲ್ಲೇ ಹೇಳಿಬಿಡಿ, ಅವರು ಕೇಳುವ ತನಕ ಕಾಯಬೇಡಿ.

ಜೂನ್ ಬಂತೆಂದರೆ ಬಳಗದ ಅರ್ಧಕ್ಕರ್ಧ ಮಂದಿ ಊರಿಗೆ ಹೊರಡುತ್ತೀರಿ. ಎರಡು ತಿಂಗಳು ಮುಚ್ಚಿದ ಮನೆಯಲ್ಲಿ, ಈ ಒಣ ಸೆಕೆಯಲ್ಲಿ, ಗಡಿಯಾರದವನ ಬಾಗಿನಲ್ಲಿ ನಿಂತ ನೀರು ಆರಿಹೋಗುತ್ತದೆ. ಮರಳಿ ಬಂದು ಬಾಗಿಲು ತೆರೆದರೆ ಇಡೀ ಕಟ್ಟಡದ ಚರಂಡಿ ಸ್ವಾಗತಕ್ಕೆ ನಿಂತಿರುತ್ತದೆ. ಹೊರಡುವ ದಿನ ಟಬ್ಬಿಗೂ ನೆಲದ ಡಬ್ಬಿಗೂ ಒಂದೊಂದು ಚೊಂಬು ನೀರು ಹಾಕಿ, ಮೇಲೆ ಎರಡು ಚಮಚ ಅಡಿಗೆ ಎಣ್ಣೆ ಬಿಡಿ. ಎಣ್ಣೆ ನೀರಿನ ಮೇಲೆ ತೇಲಿಕೊಂಡು ಅದು ಬೇಗ ಆವಿಯಾಗದಂತೆ ಕಾಯುತ್ತದೆ. ತೆಂಗಿನೆಣ್ಣೆ ಬೇಡ, ಸೂರ್ಯಕಾಂತಿ ಎಣ್ಣೆ ಸಾಕು.